ಅಡಿಗಲ್ಲಿನ ಕೆಳಗೆ ಸಿಕ್ಕ ಕೊಂಡಿ

ಜೂನ್ 4

ಭಾಮೈದನಿಗೆ,

ಈ ಅಕ್ಷರ ನೋಡಿ ಲಕೋಟೆಯನ್ನು ಎರಡು ಸಲ ತಿರುಗಿಸಿ ನೋಡಿರುತ್ತೀಯ. ಹೌದು, ನಾನೇ, ನಿನ್ನ ಭಾವ. ಗಾಬರಿಯಾಗಬೇಡ, ನಿನ್ನ ಅಕ್ಕ ಚೆನ್ನಾಗಿದ್ದಾಳೆ. ಬೆಳಿಗ್ಗೆಯಷ್ಟೇ ನನ್ನ ಮೇಲೆ ರೇಗಿದ್ದಾಳೆ, ಅಷ್ಟು ಚೆನ್ನಾಗಿದ್ದಾಳೆ. ನೀನು ಅವಳಿಗೆ ಬರೆದ ಕಾಗದದ ಹಿಂಬದಿಯಿಂದ ವಿಳಾಸ ನಕಲು ಮಾಡಿಕೊಂಡೆ. ಅದು ಅವಳಿಗೆ ಗೊತ್ತಿಲ್ಲ. ಸದ್ಯಕ್ಕೆ ಗೊತ್ತಾಗುವುದೂ ಬೇಡ.

ಅಂಗಡಿ ಮುಚ್ಚುತ್ತಿದ್ದೇನೆ. ಕಣ್ಣು ಸಾಲದು. ಬೆಸುಗೆ ಇಡುವಾಗ ಎರಡು ಕೊಂಡಿ ನಾಲ್ಕಾಗಿ ಕಾಣುತ್ತದೆ. ಗಿರಾಕಿಗೆ ಲಾಭ, ನನಗೆ ನಷ್ಟ. ಕಟ್ಟಡದ ಮಾಲೀಕ ಮಹಡಿಯನ್ನು ಪೂರ್ತಿ ಕೆಡವುತ್ತಾನಂತೆ. ಹರಳು ಕೂರಿಸುವವನು ಮಗಳ ಮನೆಗೆ ಹೋದ. ಪಾಲಿಷಿನವನು ಮಾತ್ರ ಇದ್ದಾನೆ, ಅವನೂ ಕೆಮ್ಮಿಕೊಂಡು. ಹೋದ ವಾರದಿಂದ ನಾವಿಬ್ಬರೇ ಸಾಮಾನು ಬಿಚ್ಚುತ್ತಿದ್ದೇವೆ. ಕಿಟಕಿ ಪಕ್ಕದ ನಿನ್ನ ಜಾಗದ ಗೋಡೆಯಲ್ಲಿ ಇನ್ನೂ ತಲೆಯ ಎಣ್ಣೆಯ ಕಲೆ ಇದೆ. ಎರಡು ಸಲ ಸುಣ್ಣ ಹೊಡೆಸಿದರೂ ಮೇಲೆದ್ದು ಬಂದಿದೆ. ‘ಎಣ್ಣೆಬುಡ್ಡಿ ಇನ್ನೂ ಇಲ್ಲೇ ಕೂತಿದ್ದಾನಲ್ಲ’ ಎಂದು ಪಾಲಿಷಿನವನು ನಕ್ಕ. ಈಗಲೂ ಅಷ್ಟೇ ಎಣ್ಣೆ ಹಚ್ಚುತ್ತೀಯಾ, ಅಥವಾ ಹಚ್ಚುವುದಕ್ಕೆ ಕೂದಲೇ ಇಲ್ಲವೋ?

ಒಂದು ಹಳೆಯ ವಿಷಯ ಮಾತಾಡಬೇಕಿತ್ತು. ಕಾಗದದಲ್ಲಿ ಬರೆಯುವಂಥದ್ದಲ್ಲ. ಒಂದು ಸಲ ಬಂದು ಹೋಗಲು ಆಗುತ್ತದೆಯೇ? ಬಸ್ಸಿನ ಖರ್ಚು ನನ್ನದು.

ನಿನ್ನ ಭಾವ

ಜೂನ್ 19

ಭಾವನವರಿಗೆ ನಮಸ್ಕಾರ.

ಕಾಗದ ಸಿಕ್ಕಿತು. ಉತ್ತರ ಬರೆಯಬೇಕೋ ಬೇಡವೋ ಎಂದು ಹತ್ತು ದಿನ ಯೋಚಿಸಿದೆ.

ಬಸ್ಸಿನ ಖರ್ಚು ಕೊಡುವ ಶಕ್ತಿ ನನಗೂ ಇದೆ. ಬರುವ ಮನಸ್ಸಿಲ್ಲ. ಅಂಗಡಿ ಬಿಚ್ಚುವಾಗ ಲೆಕ್ಕಕ್ಕೆ ಸಿಗದ್ದು ಇನ್ನೇನಾದರೂ ಇದ್ದರೆ, ದಯವಿಟ್ಟು ಬೇರೆ ಕಡೆ ಹುಡುಕಿ. ಒಂದು ಸಲ ಶರ್ಟು ಬಿಚ್ಚಿ, ಬೂಟು ಕಳಚಿ, ಬಾಯಿ ತೆರೆದು ನಾಲಿಗೆ ಎತ್ತಿ ನಿಮಗೆ ತೋರಿಸಿದ್ದೇನೆ. ನಾಲ್ಕು ಜನ ಕೆಲಸದವರ ಮುಂದೆ. ಐದನೆಯವಳಾಗಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕಾಣೆಯಾದ ಎರಡೂವರೆ ಗ್ರಾಂ ಚಿನ್ನದ ಕೊಂಡಿಗೆ ಅಷ್ಟು ಸಾಕಾಗಿರಬೇಕು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಜನ ಎಸೆದ ಫೋನು, ಕಂಪ್ಯೂಟರುಗಳನ್ನು ಒಡೆದು, ಒಳಗಿನ ಹಸಿರು ಹಲಗೆಗಳಿಂದ ಚಿನ್ನ ಬಿಡಿಸುವ ಕಾರ್ಖಾನೆ. ಲಾರಿಗಟ್ಟಲೆ ಕಸ ಬರುತ್ತದೆ, ಹೋಗುವಾಗ ಅಂಗೈಯಲ್ಲಿ ಹಿಡಿಯುವಷ್ಟು ಹೋಗುತ್ತದೆ. ಸಂಜೆ ಕೆಲಸದವರು ಹೊರಡುವಾಗ ಗೇಟಿನಲ್ಲಿ ಅವರನ್ನು ತಪಾಸಣೆ ಮಾಡುವ ವಿಭಾಗಕ್ಕೆ ನಾನೇ ಮುಖ್ಯಸ್ಥ. ನಿಮಗೆ ನಗು ಬರಬಹುದು. ನಾನು ಯಾರ ಶರ್ಟನ್ನೂ ಬಿಚ್ಚಿಸುವುದಿಲ್ಲ.

ಅಕ್ಕ ವರ್ಷಕ್ಕೊಮ್ಮೆ ಇಲ್ಲಿಗೆ ಬರುತ್ತಾಳೆ. ನಮ್ಮಿಬ್ಬರಿಗೆ ಅಷ್ಟು ಸಾಕು.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಜೂನ್ 27

ಭಾಮೈದನಿಗೆ,

ನೀನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸುತ್ತಿ ಬಳಸಿ ಬರೆದದ್ದು ನನ್ನ ತಪ್ಪು. ನೇರವಾಗಿ ಬರೆಯಲು ಕೈ ಬರಲಿಲ್ಲ. ಈಗ ಬರೆಯುತ್ತೇನೆ.

ಕೊಂಡಿ ಸಿಕ್ಕಿತು.

ನಾನು ಚಿನ್ನ ಇಟ್ಟು ಬಡಿಯುತ್ತಿದ್ದ ಕಬ್ಬಿಣದ ಅಡಿಗಲ್ಲು ನಿನಗೆ ನೆನಪಿರಬೇಕು. ಮರದ ದಿಮ್ಮಿಯಲ್ಲಿ ಗುಂಡಿ ತೋಡಿ ಕೂರಿಸಿದ್ದು, ನಮ್ಮಪ್ಪನ ಕಾಲದ್ದು. ಒಮ್ಮೆ ಅದನ್ನು ಕಿತ್ತರೆ ಮತ್ತೆ ಮಟ್ಟವಾಗಿ ಕೂರಿಸಲು ಎರಡು ದಿನ ಬೇಕು ಎಂದು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ದಿಮ್ಮಿ ಬೇರೆ, ಕಬ್ಬಿಣ ಬೇರೆ ಮಾರೋಣ ಎಂದು ನಾನೂ ಪಾಲಿಷಿನವನೂ ಸೇರಿ ಕಿತ್ತೆವು. ಗುಂಡಿಯ ತಳದಲ್ಲಿ ಮಸಿ, ಹಳೆ ಬಟ್ಟೆಯ ಚೂರು, ಅದರ ನಡುವೆ ಚಪ್ಪಟೆಯಾದ ಏನೋ ಒಂದು. ಉಜ್ಜಿದೆ. ಹಳದಿ. ತೊಳೆದೆ. ಕೊಂಡಿ. ಗಿರಾಕಿಯ ಆ ದಪ್ಪ ಸರದ್ದು. ತೂಗಿ ನೋಡಿದೆ, ಎರಡೂವರೆ ಗ್ರಾಂಗೆ ಕೂದಲೆಳೆಯಷ್ಟೂ ಕಡಿಮೆಯಿಲ್ಲ.

ಅಂದು ನಾವು ನೆಲ ಗುಡಿಸಿ ಕಸ ಸುಟ್ಟು ತೊಳೆದಿದ್ದೆವು. ಕೈ ತೊಳೆಯುವ ತೊಟ್ಟಿಯ ಕೆಸರನ್ನೂ ಸೋಸಿದ್ದೆವು. ನಿನ್ನ ಬಾಯಿ ನೋಡಿದೆವು. ಅಡಿಗಲ್ಲನ್ನು ಮಾತ್ರ ಎತ್ತಲಿಲ್ಲ. ಇನ್ನೊಂದು ಮಾತು ಕೇಳು, ಇದನ್ನು ನೆನೆದರೆ ಊಟ ಸೇರುವುದಿಲ್ಲ. ನೀನು ಹೋದ ಮರುದಿನ ಬೆಳಿಗ್ಗೆ ಅಡಿಗಲ್ಲು ಸ್ವಲ್ಪ ಅಲುಗಾಡುತ್ತಿತ್ತು. ಸಂದಿಗೆ ಬಟ್ಟೆ ತುರುಕಿ ಬೆಣೆ ಹೊಡೆದವನು ನಾನೇ. ಇಪ್ಪತ್ತೆರಡು ವರ್ಷ ಆ ಕೊಂಡಿಯ ತಲೆಯ ಮೇಲೆಯೇ ಸುತ್ತಿಗೆ ಹೊಡೆದೆ. ಪ್ರತಿ ಏಟಿಗೂ ನಿನ್ನನ್ನು ಮನಸ್ಸಿನಲ್ಲಿ ಬೈದಿದ್ದೇನೆ ಎಂದರೆ ಸುಳ್ಳಾಗುತ್ತದೆ, ಆದರೆ ಬೈದ ದಿನಗಳು ಬಹಳ ಇವೆ.

ಅಂದು ನಿನ್ನಕ್ಕ ಡಬ್ಬಿಯನ್ನು ನೆಲದ ಮೇಲಿಟ್ಟು ನೇರ ತಕ್ಕಡಿಯ ಹತ್ತಿರ ಬಂದಳು. ಕೈಬಳೆ ನಾಲ್ಕು, ಕತ್ತಿನ ಸರ, ಉಂಗುರ, ಎಲ್ಲ ಕಳಚಿ ತಟ್ಟೆಗೆ ಹಾಕಿ, ‘ಇವೂ ನಿಮ್ಮಂಗಡೀವೇ ಅಲ್ವಾ, ತೂಕ ಹಾಕಿ ನೋಡ್ಕೊಳ್ಳಿ, ಕಮ್ಮಿ ಬಂದಿದ್ರೆ ನನ್ನ ಬಾಯೀನೂ ತೆಗೆಸಿ’ ಅಂದಳು. ನೀನು ಆಗಲೇ ಮೆಟ್ಟಿಲಿಳಿದು ಹೋಗಿದ್ದೆ. ಅವತ್ತಿನಿಂದ ಅವಳ ಮೈಮೇಲೆ ನನ್ನ ಚಿನ್ನ ಒಂದು ಗುಲಗಂಜಿಯಷ್ಟೂ ಇಲ್ಲ. ನೀನು ಕೊಡಿಸಿದ ಓಲೆ ಎರಡು ಮಾತ್ರ. ಗಿರಾಕಿಗಳು ‘ಏನ್ರೀ, ಚಿನ್ನದಂಗಡಿಯವ್ರ ಹೆಂಡ್ತಿ ಕೈ ಬೋಳು’ ಎಂದು ತಮಾಷೆ ಮಾಡುತ್ತಿದ್ದರು. ನಾನು ಹುಳ್ಳಗೆ ನಗುತ್ತಿದ್ದೆ. ಆ ಬಳೆಗಳನ್ನು ಮಾರಲಿಲ್ಲ, ಡಬ್ಬಿಯಲ್ಲಿವೆ.

ತಪ್ಪಾಯಿತು. ಹಿರಿಯ ಎಂದು ನೋಡದೆ ಬೈಯುವಷ್ಟು ಬೈ. ನೀನು ಬಾ, ಆ ದಿನ ಇದ್ದವರಲ್ಲಿ ಬದುಕಿರುವವರನ್ನೆಲ್ಲ ಸೇರಿಸುತ್ತೇನೆ, ಅವರೆದುರಿಗೇ ಕೇಳಿಕೊಳ್ಳುತ್ತೇನೆ. ನಿನ್ನಕ್ಕನಿಗೆ ಇನ್ನೂ ಹೇಳಿಲ್ಲ. ಧೈರ್ಯವಿಲ್ಲ. ಕೊಂಡಿಯನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ, ಕದ್ದವನ ಹಾಗೆ.

ನಿನ್ನ ಭಾವ

ಆಗಸ್ಟ್ 2

ಭಾಮೈದನಿಗೆ,

ಒಂದು ತಿಂಗಳ ಮೇಲಾಯಿತು, ನಿನ್ನಿಂದ ಒಂದು ಸಾಲಿಲ್ಲ. ನಿನ್ನ ಕೋಪ ಅರ್ಥವಾಗುತ್ತದೆ. ಅಂಚೆಯವನನ್ನು ದಿನಾ ಕೇಳಿ ಕೇಳಿ, ಈಗ ಅವನು ನಮ್ಮ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದಾನೆ.

ಹೇಳಿಬಿಟ್ಟೆ. ಮೊನ್ನೆ ಮಧ್ಯಾಹ್ನ. ಅವಳು ಬಟ್ಟೆ ಮಡಿಸುತ್ತಿದ್ದಳು. ಕರವಸ್ತ್ರ ಬಿಚ್ಚಿ ಕೊಂಡಿಯನ್ನು ಅವಳ ಮುಂದಿಟ್ಟೆ. ಎಲ್ಲಿ ಸಿಕ್ಕಿತು ಎಂದು ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಮಡಿಸುವುದನ್ನು ಮುಗಿಸಿದಳು. ಆಮೇಲೆ, ‘ನಾನು ಅವತ್ತೇ ಹೇಳ್ಲಿಲ್ವಾ’ ಅಂದಳು. ಅಷ್ಟೇ. ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ಸಂಜೆ ತಾನಾಗಿಯೇ ಬಳೆ ಡಬ್ಬಿ ಕೇಳಿದಳು. ಒಂದೂ ಗೆಣ್ಣು ದಾಟಲಿಲ್ಲ, ಕೈ ದಪ್ಪವಾಗಿದೆ. ಸೋಪು ಹಚ್ಚಿ ನಾನೇ ಏರಿಸಿದೆ. ಅವಳ ಕೈ ಹಿಡಿದು ಎಷ್ಟು ವರ್ಷವಾಗಿತ್ತೋ ಗೊತ್ತಿಲ್ಲ. ನೋವಾದರೂ ಹಲ್ಲು ಕಚ್ಚಿಕೊಂಡು ಕೂತಿದ್ದಳು. ರಾತ್ರಿ ಊಟಕ್ಕೆ ನನ್ನೆದುರೇ ಕುಳಿತಳು. ಇಷ್ಟು ದಿನ ನನಗೆ ಬಡಿಸಿ, ಒಳಗೆ ಹೋಗಿ ಬೇರೆ ಕೂತು ಉಣ್ಣುತ್ತಿದ್ದಳು.

ಈಗ ಅವಳದು ಒಂದೇ ಮಾತು. ನಿನ್ನ ಮಗಳು ಕೆಲಸಕ್ಕೆ ಸೇರಿದಳಂತಲ್ಲ, ಮೊದಲ ಕೆಲಸ. ಆ ಓಲೆಗಳನ್ನು ಅವಳಿಗೇ ಕಳಿಸಬೇಕಂತೆ. ‘ನಂಗೆ ಈಗ ಬಳೆ ಇದೆಯಲ್ಲ. ಅವರಪ್ಪ ಕೈ ಕೆಸರು ಮಾಡ್ಕೊಳ್ದೆ ದುಡಿದು ತಂದಿದ್ದು ಅಂತ ಆ ಮಗೂಗೆ ಗೊತ್ತಾಗ್ಲಿ’ ಎನ್ನುತ್ತಾಳೆ. ತೊಳೆದು ಹತ್ತಿಯಲ್ಲಿ ಸುತ್ತಿಟ್ಟಿದ್ದಾಳೆ. ಈ ತಿಂಗಳಲ್ಲೇ ಕಳಿಸುತ್ತಾಳೆ.

ಒಂದು ಸಾಲು ಬರೆ.

ನಿನ್ನ ಭಾವ

ಆಗಸ್ಟ್ 11

ಭಾವನವರಿಗೆ,

ಆ ಪಾರ್ಸೆಲ್ ತಡೆಯಿರಿ. ಹೇಗಾದರೂ ಮಾಡಿ ತಡೆಯಿರಿ.

ನಿಮ್ಮ ಜೂನ್ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕೋಪದಿಂದ ಸುಮ್ಮನಿದ್ದೆ ಎಂದು ನೀವು ತಿಳಿದಿರಿ. ನಾಚಿಕೆಯಿಂದ ಸುಮ್ಮನಿದ್ದೆ. ನೀವು ‘ತಪ್ಪಾಯಿತು’ ಎಂದು ಬರೆದ ಸಾಲನ್ನು ಓದುವಾಗ ಕುಗ್ಗಿ ಹಿಡಿಯಾದೆ. ಆ ಸಾಲನ್ನು ಇಟ್ಟುಕೊಳ್ಳಲೂ ಆಗುತ್ತಿಲ್ಲ, ಹಿಂತಿರುಗಿಸಲೂ ಆಗುತ್ತಿಲ್ಲ.

ಕೊಂಡಿ ನಾನು ಕದಿಯಲಿಲ್ಲ. ಅದು ಸತ್ಯ. ಬೇರೆ ಕದ್ದೆ.

ನಿಮ್ಮ ಅಂಗಡಿಗೆ ಬಂದ ಎರಡನೆಯ ವರ್ಷದಿಂದ. ಬೆಳಿಗ್ಗೆ ತಲೆಗೆ ಗಟ್ಟಿಯಾಗಿ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದೆ. ಅರದಿಂದ ಒಡವೆ ಉಜ್ಜುವಾಗ ಬೆರಳಿಗೆ ಚಿನ್ನದ ಪುಡಿ ಅಂಟುತ್ತದಲ್ಲ, ತಲೆ ಕೆರೆದುಕೊಳ್ಳುವ ಹಾಗೆ, ಕೂದಲು ಹಿಂದಕ್ಕೆ ಸರಿಸುವ ಹಾಗೆ ಬೆರಳನ್ನು ತಲೆಗೆ ಸವರುತ್ತಿದ್ದೆ. ದಿನಕ್ಕೆ ಮೂವತ್ತು, ನಲವತ್ತು ಸಲ. ವಾರಕ್ಕೊಮ್ಮೆ ಬಚ್ಚಲಲ್ಲಿ ಬಕೆಟ್ಟಿಗೆ ತಲೆಯಿಟ್ಟು ತೊಳೆದು, ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದೆ. ನೀವೆಲ್ಲ ಎಣ್ಣೆಬುಡ್ಡಿ ಎಂದು ನಗುತ್ತಿದ್ದಿರಿ. ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ.

ಅಕ್ಕನ ಓಲೆ ಆ ಪುಡಿಯಿಂದ ಮಾಡಿದ್ದು. ದೊಡ್ಡ ಅಂಗಡಿಯಲ್ಲಿ ಸಂಬಳದ ದುಡ್ಡಿನಿಂದ ಕೊಂಡೆ ಎಂದು ಅವಳಿಗೆ ಸುಳ್ಳು ಹೇಳಿದೆ. ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ: ನೀವು ಅವಳಿಗೆ ಬಳೆ ಹಾಕಿ ಕೂರಿಸುತ್ತೀರಿ, ಗಿರಾಕಿಗೆ ಇಷ್ಟವಾದರೆ ಅವಳ ಕೈಯಿಂದಲೇ ಕಳಚಿ ಮಾರುತ್ತೀರಿ, ಯಾರೂ ಕಳಚಲಾಗದ್ದು ಅವಳಿಗೆ ಏನಾದರೂ ಇರಲಿ ಎಂದು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಇಂದು ಸ್ವಲ್ಪ ಮುಖ ಎತ್ತಬಹುದಿತ್ತು. ನಿಲ್ಲಿಸಲಿಲ್ಲ. ಓಲೆ ಕೊಟ್ಟ ಮೇಲೂ ಒಂದೂವರೆ ವರ್ಷ ಕದ್ದೆ. ಒಂದು ಗಡಿಯಾರ, ಒಂದು ಜೊತೆ ಬೂಟು. ನೀವು ಅಂದು ಕಳಚಿಸಿದ ಬೂಟು ಅದೇ.

ಶರ್ಟು ಬಿಚ್ಚಿ ನಿಂತಾಗಲೂ ತಲೆಯಲ್ಲಿ ಆ ವಾರದ ಪುಡಿ ಇತ್ತು ಭಾವ. ಯಾರಾದರೂ ತಲೆಯ ಮೇಲೆ ಕೈಯಿಟ್ಟರೆ ಎಂದು ಪ್ರತಿಯೊಬ್ಬರ ಕೈಯನ್ನೇ ನೋಡುತ್ತಿದ್ದೆ. ಯಾರೂ ಇಡಲಿಲ್ಲ. ಸಿಕ್ಕಿಬೀಳಲಿಲ್ಲ ಎಂದು ಗೊತ್ತಾದ ಮೇಲೆಯೇ ನನಗೆ ಅಷ್ಟು ಸಿಟ್ಟು ಬಂದದ್ದು. ‘ನಿಮ್ಮನೆ ಮೆಟ್ಲು ಇನ್ನು ತುಳಿಯೋನಲ್ಲ’ ಎಂದು ಕೂಗಿದೆನಲ್ಲ, ಆ ಮೆಟ್ಟಿಲನ್ನು ತಲೆಯಲ್ಲಿ ನಿಮ್ಮ ಚಿನ್ನ ಇಟ್ಟುಕೊಂಡೇ ಇಳಿದೆ.

ಈಗ ಗೇಟಿನಲ್ಲಿ ನಿಂತು ನಾನು ಮೊದಲು ನೋಡುವುದು ಕೆಲಸದವರ ತಲೆಯನ್ನು. ಎಣ್ಣೆ ಹಚ್ಚಿ ಬರಬಾರದು ಎಂದು ನಿಯಮ ಮಾಡಿಸಿದವನು ನಾನೇ. ‘ಎಷ್ಟು ಬುದ್ಧಿವಂತ ನೀನು’ ಎಂದು ಮ್ಯಾನೇಜರ್ ಬೆನ್ನು ತಟ್ಟಿದ.

ಅಕ್ಕನಿಗೆ ಇದನ್ನು ಹೇಳುವ ಶಕ್ತಿ ನನಗಿಲ್ಲ. ಪ್ರಪಂಚದಲ್ಲಿ ನನ್ನನ್ನು ಕಣ್ಣುಮುಚ್ಚಿ ನಂಬಿದವಳು ಅವಳೊಬ್ಬಳು. ಆದರೆ ಆ ಓಲೆ ನನ್ನ ಮಗಳ ಕಿವಿಗೆ ಬರಬಾರದು.

ಆಗಸ್ಟ್ 20

ಭಾಮೈದನಿಗೆ,

ನಿನ್ನ ಕಾಗದ ಬರುವುದಕ್ಕೆ ಎರಡು ದಿನ ಮೊದಲೇ ಪಾರ್ಸೆಲ್ ಹೊರಟಿತ್ತು. ಅವಳೇ ಅಂಚೆ ಕಚೇರಿಗೆ ಹೋಗಿ ಕಳಿಸಿ ಬಂದಳು. ತಡೆಯಲು ಆಗಲಿಲ್ಲ.

ಓಲೆಯ ವಿಷಯ ನನಗೆ ಗೊತ್ತಿತ್ತು.

ನೀನು ಅವುಗಳನ್ನು ಕೊಟ್ಟ ದಿನವೇ ಗೊತ್ತಾಯಿತು. ಅವಳು ಓಡಿ ಬಂದು ನನ್ನ ಅಂಗೈಗೆ ಹಾಕಿ, ‘ನೋಡ್ರೀ, ನನ್ನ ತಮ್ಮ ತಂದಿದ್ದು’ ಅಂದಳು. ಅಂಗಡಿಯಲ್ಲಿ ಕೊಂಡ ಓಲೆಯ ಬಣ್ಣ ಒಂದೇ ಸಮ ಇರುತ್ತದೆ. ಅದರಲ್ಲಿ ಒಂದು ಕಡೆ ಕೆಂಪು, ಒಂದು ಕಡೆ ಹಸಿರು ಛಾಯೆ. ಹತ್ತು ಗಿರಾಕಿಗಳ ಕೆಲಸದ ಪುಡಿ, ಬೆಸುಗೆಯ ಚೂರು, ಎಲ್ಲ ಒಂದೇ ಮೂಸೆಯಲ್ಲಿ ಕರಗಿದರೆ ಹಾಗಾಗುತ್ತದೆ. ಮೇಲಾಗಿ ಆ ಹೂವು. ಆರು ದಳದ ಹೂವನ್ನು ನಿನಗೆ ಕಲಿಸಿದವನು ನಾನು. ನಿನ್ನ ಕೈಯಲ್ಲಿ ಎಡಗಡೆಯ ದಳ ಯಾವಾಗಲೂ ಸ್ವಲ್ಪ ಚಪ್ಪಟೆ ಬರುತ್ತಿತ್ತು. ಅದರಲ್ಲೂ ಹಾಗೇ ಇತ್ತು. ಇನ್ನೂ ಒಂದು ಹೇಳುತ್ತೇನೆ, ನಗಬೇಡ: ಕೆಲಸ ಬಹಳ ಚೆನ್ನಾಗಿತ್ತು. ಸಿಟ್ಟಿನ ನಡುವೆಯೂ ಹುಡುಗನಿಗೆ ಕೈ ಕುದುರಿದೆ ಎಂದುಕೊಂಡೆ.

ಅವಳ ಮುಖ ನೋಡಿದೆ. ‘ಚೆನ್ನಾಗಿದೆ’ ಅಂದೆ. ಅವತ್ತಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿನ್ನನ್ನು ಕಾದೆ. ಜೇಬು ನೋಡಿದೆ, ಉಗುರು ನೋಡಿದೆ, ಊಟದ ಡಬ್ಬಿ ನೋಡಿದೆ. ನಿನ್ನ ತಲೆಯ ಎಣ್ಣೆ ಮಾತ್ರ ಕಾಣಲಿಲ್ಲ. ಒಂದೂವರೆ ವರ್ಷ ನಿನ್ನ ಜೊತೆ ನಗುನಗುತ್ತಾ ಚಹಾ ಕುಡಿದೆ, ಒಳಗೊಳಗೇ ಕುದಿಯುತ್ತಾ.

ಕೊಂಡಿ ಕಾಣೆಯಾದಾಗ ನನಗೆ ಆದದ್ದು ಗಾಬರಿಯಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಸಂತೋಷವಾಯಿತು. ಈಗ ಸಿಕ್ಕಿದ ಎಂದುಕೊಂಡೆ. ಓಲೆಯ ಕಳ್ಳತನವನ್ನು ನನ್ನ ಬಾಯಲ್ಲಿ ಹೇಳುವಂತಿರಲಿಲ್ಲ, ಕೊಂಡಿಯದನ್ನು ಹೇಳಬಹುದಿತ್ತು. ಅದಕ್ಕೇ ಬೇರೆ ನಾಲ್ವರನ್ನು ಮುಟ್ಟಲೂ ಇಲ್ಲ, ನೇರ ನಿನ್ನನ್ನೇ ನಿಲ್ಲಿಸಿದೆ. ಅಡಿಗಲ್ಲು ಕಿತ್ತರೆ ಮತ್ತೆ ಕೂರಿಸಲು ಎರಡು ದಿನ ಬೇಕು ಎಂಬುದು ನೆಪ. ನಿನ್ನ ಹತ್ತಿರವೇ ಇದೆ ಎಂದು ತೀರ್ಮಾನಿಸಿದವನಿಗೆ ಅಡಿಗಲ್ಲು ಕೀಳುವ ಆಸೆ ಎಲ್ಲಿಂದ ಬರಬೇಕು? ಮಾಡಿದ್ದಕ್ಕೆ ನಿನ್ನನ್ನು ಹಿಡಿಯಲಾಗದೆ, ಮಾಡದ್ದಕ್ಕೆ ಹಿಡಿದೆ. ಜೂನ್ ಕಾಗದದಲ್ಲಿ ಕೇಳಿದ ಕ್ಷಮೆಯಲ್ಲಿ ಇದನ್ನು ಮುಚ್ಚಿಟ್ಟಿದ್ದೆ. ಅರ್ಧ ಕ್ಷಮೆ ಕೇಳಿ ಪೂರ್ತಿ ಒಳ್ಳೆಯವನಾಗಲು ಹೊರಟಿದ್ದೆ.

ಈಗ ಏನು ಮಾಡುವುದು? ನನ್ನ ಮಾತು ಕೇಳುವುದಾದರೆ, ಇಬ್ಬರೂ ಸುಮ್ಮನಿರೋಣ. ಅವಳು ಹಾಡು ಗುನುಗಿಕೊಂಡು ಪಾತ್ರೆ ತೊಳೆಯುತ್ತಿದ್ದಾಳೆ. ಬಳೆ ಸದ್ದು ನಾನು ಕೂತಲ್ಲಿಗೆ ಕೇಳುತ್ತದೆ. ನನಗೆ ವಯಸ್ಸಾಯಿತು, ಈ ಸದ್ದು ಹೀಗೇ ಇರಲಿ ಅನಿಸುತ್ತದೆ. ಕೊಂಡಿಯ ಕಳಂಕ ನನ್ನ ಮೇಲಿರಲಿ, ಅದು ನನ್ನದೇ. ಓಲೆಯ ಮಾತು ನಮ್ಮಿಬ್ಬರಲ್ಲೇ ಇರಲಿ.

ನಿನ್ನ ಭಾವ

ಸೆಪ್ಟೆಂಬರ್ 3

ಅಕ್ಕಾ,

ಪಾರ್ಸೆಲ್ ಬಂತು. ನಾನು ಕೆಲಸದಿಂದ ಬರುವಷ್ಟರಲ್ಲಿ ಮಗಳು ಅದನ್ನು ಬಿಚ್ಚಿ, ಓಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ನಿನ್ನ ಚೀಟಿಯನ್ನು ಓದಿ ಹೇಳಿದಳು. ‘ಅಪ್ಪಾ, ನೀನು ಸಂಬಳದ ದುಡ್ಡಲ್ಲಿ ತಂದಿದ್ದಂತೆ, ನಾನೂ ಮೊದಲ ಸಂಬಳದಲ್ಲಿ ಅತ್ತೆಗೆ ಏನಾದ್ರೂ ತಗೊಳ್ತೀನಿ’ ಅಂದಳು. ನಾನು ‘ಹೂಂ’ ಅಂದುಬಿಡಬಹುದಿತ್ತು. ಬಾಯಿಯವರೆಗೂ ಬಂದಿತ್ತು.

ಭಾವ ಸುಮ್ಮನಿರೋಣ ಎಂದಿದ್ದರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ, ನಿನಗಾಗಿ ಹಾಗೆ ಹೇಳಿದರು.

ಮಗಳಿಂದ ಓಲೆ ಬಿಚ್ಚಿಸಿ ಇದರ ಜೊತೆ ಕಳಿಸಿದ್ದೇನೆ. ಭಾವನ ಕೈಗೆ ಕೊಡು. ಒರೆಗಲ್ಲಿಗೆ ಉಜ್ಜಿ, ಇದು ಎಲ್ಲಿಯ ಚಿನ್ನ ಎಂದು ಹೇಳಲು ಹೇಳು. ಅವರು ತಡವರಿಸಿದರೆ, ನಾನು ಆಗಸ್ಟಿನಲ್ಲಿ ಅವರಿಗೆ ಬರೆದ ಕಾಗದವನ್ನು ಕೇಳಿ ಓದು. ಅದರಲ್ಲಿ ಎಲ್ಲ ಇದೆ. ಆದರೂ ಇಲ್ಲಿ ನನ್ನ ಕೈಯಾರೆ ಒಂದು ಸಾಲು ಬರೆಯಲೇಬೇಕು. ನಿನ್ನ ಕಿವಿಯಲ್ಲಿ ಇಪ್ಪತ್ಮೂರು ವರ್ಷ ಇದ್ದದ್ದು ನಿನ್ನ ಗಂಡನ ಅಂಗಡಿಯಿಂದ ನಾನು ಕದ್ದದ್ದು.

ಮಗಳಿಗೂ ಹೇಳಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಎಂದಿನಂತೆ ‘ಬರ್ತೀನಿ ಅಪ್ಪಾ’ ಅಂದಳು, ಮುಖ ನೋಡದೆ.

ನೀನು ನನಗಾಗಿ ಕೈ ಬರಿದು ಮಾಡಿಕೊಂಡೆ. ಅದಕ್ಕೆ ನಾನು ಯೋಗ್ಯನಾಗಿರಲಿಲ್ಲ. ಅಂದು ಮೆಟ್ಟಿಲಲ್ಲೇ ನಿಂತು ಇದನ್ನು ಹೇಳಬೇಕಿತ್ತು. ಇನ್ನು ನೀನು ಬರೆಯದಿದ್ದರೂ ನಾನು ಕೇಳುವ ಹಾಗಿಲ್ಲ.

ನಿನ್ನ ಪುಟ್ಟ

ಸೆಪ್ಟೆಂಬರ್ 25

ಪುಟ್ಟಾ,

ಇಪ್ಪತ್ತು ದಿನ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ಪೆನ್ನು ಹಿಡಿದರೆ ಬರೀ ಬೈಗುಳ ಬರುತ್ತಿತ್ತು, ಕಾಗದ ದಂಡ ಎಂದು ಬಿಟ್ಟೆ.

ಓಲೆಯನ್ನು ನಿನ್ನ ಭಾವನ ಮುಂದಿಟ್ಟು ಒರೆಗಲ್ಲಿಗೆ ಉಜ್ಜಿಸಿದೆ. ಪಾಪ, ಕಲ್ಲು ತೆಗೆಯಲು ಅಷ್ಟು ಹೊತ್ತು ಮಾಡಿದರು, ಎಲ್ಲಿಟ್ಟಿದ್ದೇನೋ ಮರೆತೆ ಎಂದರು. ಅವರ ಕಣ್ಣೆದುರೇ ಇತ್ತು. ಉಜ್ಜಿ, ‘ಇದ್ರಲ್ಲಿ ಹದಿನಾರು ಕ್ಯಾರೆಟ್ಟಿದ್ರೆ ಹೆಚ್ಚು’ ಅಂದರು. ಬೆಲೆ ಎಷ್ಟು ಎಂದು ಕೇಳಿದೆ. ಹೇಳಿದರು. ನಮ್ಮ ಮನೆಯ ಒಂದು ತಿಂಗಳ ಬಾಡಿಗೆಗೂ ಸಾಲದು. ಕಾಗದಗಳನ್ನೆಲ್ಲ ಕೊಡಿ ಎಂದೆ. ಎಲ್ಲ ಕೊಟ್ಟರು, ತಾವು ಬರೆದದ್ದರ ನಕಲನ್ನೂ. ಕೂತು ಓದಿದೆ. ಅವರು ಎದುರಿಗೆ ಮೇಷ್ಟ್ರ ಮುಂದೆ ನಿಂತವರ ಹಾಗೆ ನಿಂತಿದ್ದರು.

ಅವರಿಗೆ ಗೊತ್ತಿತ್ತು. ನಿನಗೆ ಗೊತ್ತಿತ್ತು. ಮನೆಯಲ್ಲಿ ಬೆಪ್ಪುತಕ್ಕಡಿ ನಾನೊಬ್ಬಳೇ.

ನಿಮ್ಮಲ್ಲಿ ಒಬ್ಬರಾದರೂ ಅವತ್ತು ನನಗೆ ಹೇಳಿದ್ದರೆ ಏನಾಗುತ್ತಿತ್ತು ಗೊತ್ತಾ? ನಿನ್ನ ಕಿವಿ ಹಿಂಡಿ, ಕೆನ್ನೆಗೆರಡು ಕೊಟ್ಟು, ಓಲೆ ಬಿಚ್ಚಿ ಅವರ ಕೈಗೆ ಹಾಕಿ, ಆಮೇಲೆ ಇಬ್ಬರನ್ನೂ ಕೂರಿಸಿ ಊಟಕ್ಕೆ ಬಡಿಸುತ್ತಿದ್ದೆ. ಒಂದು ಸಂಜೆಯ ಕೆಲಸ. ಅದಕ್ಕೆ ಇಪ್ಪತ್ತೆರಡು ವರ್ಷ ತೆಗೆದುಕೊಂಡಿರಿ. ಈ ಇಪ್ಪತ್ತೆರಡು ವರ್ಷವನ್ನು ಯಾವ ಕಲ್ಲಿಗೆ ಉಜ್ಜಿ ನೋಡಲಿ ನಾನು?

ನನ್ನ ನಾಚಿಕೆಯೂ ಒಂದಿದೆ, ಕೇಳು. ಈ ಮನುಷ್ಯನ ಜೊತೆ ಒಂದು ದಿನ ಕೂತು ಉಣ್ಣಲಿಲ್ಲ. ಜ್ವರ ಬಂದಾಗ ಔಷಧಿ ಕೊಟ್ಟೆ, ಹಣೆ ಮುಟ್ಟಿ ನೋಡಲಿಲ್ಲ. ‘ನನ್ನ ತಮ್ಮನ ಕೈ ನಿಮ್ಮ ಕೈಗಿಂತ ಚೊಕ್ಕ’ ಎಂದು ಎಷ್ಟು ಸಲ ಚುಚ್ಚಿದ್ದೇನೋ ಲೆಕ್ಕವಿಲ್ಲ. ಪ್ರತಿಸಲವೂ ಅವರು ನನ್ನ ಕಿವಿಯನ್ನು ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು. ನಾನು ಸುಂದರವಾಗಿ ಕಾಣುತ್ತಿದ್ದೇನೆ ಅಂದುಕೊಂಡಿದ್ದೆ ಕಣೋ.

ಓಲೆಯನ್ನೂ ಆ ಕೊಂಡಿಯನ್ನೂ ಒಂದೇ ಮೂಸೆಗೆ ಹಾಕಿ ಕರಗಿಸಿ ಎಂದೆ. ‘ನನಗೆ ಕಣ್ಣು ಕಾಣಲ್ಲ, ಕೈ ನಡುಗುತ್ತೆ’ ಎನ್ನುತ್ತಾರೆ. ಹಾಗಾದರೆ ಕಣ್ಣು ಕಾಣುವವನು ಬರಲಿ. ಅಂಗಡಿ ಖಾಲಿ ಮಾಡಲು ಇನ್ನೂ ಹತ್ತು ದಿನವಿದೆ. ಮೂಸೆ, ತಿದಿ, ಚಿಮುಟ ಒಂದೂ ಮಾರಬಾರದು ಎಂದು ಹೇಳಿದ್ದೇನೆ. ಕಿಟಕಿ ಪಕ್ಕದ ನಿನ್ನ ಜಾಗದಲ್ಲೇ ಕೂತು, ನನ್ನ ಕಣ್ಣೆದುರಿಗೆ, ಅವರ ಕಣ್ಣೆದುರಿಗೆ ಮಾಡು. ಏನು ಮಾಡುತ್ತೀಯೋ ಮಾಡು, ಅದನ್ನು ನಿನ್ನ ಮಗಳಿಗೆ ನಾನೇ ಕೊಟ್ಟು, ಇದು ಎಲ್ಲೆಲ್ಲಿಂದ ಬಂತು ಎಂದು ನಾನೇ ಹೇಳುತ್ತೇನೆ. ಅವಳನ್ನೂ ಕರೆದುಕೊಂಡು ಬಾ. ಎಡಗಡೆಯ ದಳ ಚಪ್ಪಟೆ ಬಂದರೂ ಪರವಾಗಿಲ್ಲ.

ಕೋಪ ಹೋಗಿಲ್ಲ. ಬಾಗಿಲಲ್ಲೇ ಬೈಯುತ್ತೇನೆ, ಸಿದ್ಧವಾಗಿ ಬಾ. ನನ್ನ ಕಿವಿಯ ತೂತಿಗೆ ಈಗ ದಾರ ಕಟ್ಟಿಕೊಂಡಿದ್ದೇನೆ. ಬಳೆ ಮಾತ್ರ ಬಿಚ್ಚಿಲ್ಲ. ಬಿಚ್ಚಲು ಬರುವುದೂ ಇಲ್ಲ, ಕೈ ಊದಿದೆ.

ಮತ್ತೆ ಪುಟ್ಟಾ, ಬರುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡ.

ಅಕ್ಕ